ದನಿ ಹಿಡಿದು ಹುಡುಕುವವರು, ವೋಟು ಹಿಡಿದು ಹುಡುಕುವವರು

ಹೊರನಾಡಿನಲ್ಲಿ ಇರುವುದರಿಂದ, ಒಳಗಿನ ದ್ರೋಹಿಗಳನ್ನು ಪತ್ತೆಹಚ್ಚುವ ಆಟಗಳನ್ನು ನಾನು ಎರಡು ಥರದ ಗುಂಪುಗಳಲ್ಲಿ ಆಡುತ್ತೇನೆ. ಒಂದರಲ್ಲಿ ಎಲ್ಲರೂ ಕನ್ನಡದವರು. ಇನ್ನೊಂದರಲ್ಲಿ ಒಬ್ಬೊಬ್ಬರದೂ ಒಂದೊಂದು ಭಾಷೆ, ಆಟ ಇಂಗ್ಲಿಷಿನಲ್ಲಿ. ನಿಯಮ ಒಂದೇ ಆದರೂ ಹುಡುಕುವ ರೀತಿ ಪೂರ್ತಿ ಬೇರೆ. ಎರಡನೆಯ ಗುಂಪಿನ ರೀತಿ ನಮಗೂ ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಕನ್ನಡದ ಗುಂಪಿನಲ್ಲಿ ನಾವು ದನಿ ಹಿಡಿದು ಹೊರಡುತ್ತೇವೆ. "ಯಾಕೋ ಇವತ್ತು ಸುಮ್ನೆ ಕೂತಿದ್ದೀಯಾ?" "ಅಷ್ಟು ಜೋರಾಗಿ ಯಾಕೆ ವಾದ ಮಾಡ್ತೀಯಾ?" ಮಾತಾಡಿದರೂ ಅನುಮಾನ, ಆಡದಿದ್ದರೂ ಅನುಮಾನ! ಮಾಫಿಯಾ ಆಟಕ್ಕೆ ಇದು ತಕ್ಕಮಟ್ಟಿಗೆ ಸರಿ. ಮಾಸ್ಕೋದಲ್ಲಿ 1986ರಲ್ಲಿ ದಿಮಿತ್ರಿ ದಾವಿದೋವ್ ಕಟ್ಟಿದ ಆ ಆಟದಲ್ಲಿ ಶುರುವಿಗೆ ಹೆಚ್ಚು ಸುಳಿವೇ ಇರುವುದಿಲ್ಲ. ಮಾತೇ ಗತಿ.

ಆದರೆ 2009ರ 'ದಿ ರೆಸಿಸ್ಟೆನ್ಸ್' ಹಾಗಲ್ಲ. ಅಲ್ಲಿ ಮಿಷನ್‌ಗೆ, ಅಂದರೆ ಆ ಸುತ್ತಿನ ಕೆಲಸಕ್ಕೆ, ಯಾವ ತಂಡ ಹೋಗಬೇಕು ಅಂತ ಎಲ್ಲರೂ ವೋಟು ಹಾಕುತ್ತಾರೆ, ಯಾರ ವೋಟು ಏನು ಅನ್ನುವುದು ಎಲ್ಲರಿಗೂ ಕಾಣುತ್ತದೆ. 5 ಜನರ ಆಟ ತಗೊಳ್ಳಿ. 3 ಜನ ಒಳ್ಳೆಯವರು, 2 ಸ್ಪೈಗಳು, ಅಂದರೆ ತಂಡದೊಳಗೆ ಸೇರಿ ಕೆಲಸ ಕೆಡಿಸುವ ದ್ರೋಹಿಗಳು. ನಾನು ಒಳ್ಳೆಯವನಾದರೆ ಉಳಿದ ನಾಲ್ವರಲ್ಲಿ ಇಬ್ಬರು ಸ್ಪೈ. ಎರಡನೆಯ ಮಿಷನ್‌ಗೆ 3 ಜನರ ತಂಡ ಬೇಕು. ನನ್ನನ್ನು ಬಿಟ್ಟು ಆ ನಾಲ್ವರಲ್ಲಿ ಯಾವ ಮೂವರನ್ನು ಆರಿಸಿದರೂ ಒಬ್ಬ ಸ್ಪೈ ಅದರಲ್ಲಿ ಇದ್ದೇ ಇರುತ್ತಾನೆ. ಹಾಗಾದರೆ ತಾನಿಲ್ಲದ ಮೂವರ ತಂಡಕ್ಕೆ ಒಬ್ಬರು ಒಪ್ಪಿಗೆ ಕೊಟ್ಟರೆ ಏನರ್ಥ? ಒಂದೋ ಅವರು ಸ್ಪೈ, ಇಲ್ಲವೇ ಲೆಕ್ಕ ಹಾಕಿಲ್ಲ. ಇದಕ್ಕೆ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅಲ್ವಾ?

ಇಂಗ್ಲಿಷಿನ ಗುಂಪು ಈ ದಾರಿಗೆ ಬಂದದ್ದಕ್ಕೆ ಕಾರಣವಿದೆ. ತನ್ನದಲ್ಲದ ಭಾಷೆಯಲ್ಲಿ ಯಾರೇ ಆಗಲಿ ತಡವರಿಸುತ್ತಾರೆ, ಪದಕ್ಕಾಗಿ ನಿಲ್ಲುತ್ತಾರೆ. ಅದನ್ನೇ ಸುಳ್ಳಿನ ಗುರುತು ಅಂತ ಹಿಡಿದರೆ ಪ್ರತಿ ಸಲವೂ ಅವರೇ ಮೊದಲು ಸಿಕ್ಕಿಬೀಳುತ್ತಾರೆ. ನನಗೆ ತುಂಬಾ ನೋವಾಗುವುದು ಇಲ್ಲೇ. ಒಳ್ಳೆಯ ಪಾತ್ರ ಬಂದಿದ್ದರೂ, ಮಾತು ಓಡಲಿಲ್ಲ ಅಂತ ಒಬ್ಬರು ಆಟದಿಂದ ಆಟಕ್ಕೆ ಅನುಮಾನ ಹೊರುವುದು ಅನ್ಯಾಯ. ಕನ್ನಡದಲ್ಲೇ ಆಡಿದರೂ ಸಂಕೋಚದ ಜನ ಇದ್ದಾರಲ್ಲ, ಅವರ ಪಾಡೂ ಇದೇ. ಇಂಗ್ಲಿಷಿನ ಗುಂಪಿನಲ್ಲಿ ಒಬ್ಬರು ಹಾಳೆಯ ಮೇಲೆ ಪ್ರತಿ ವೋಟನ್ನೂ ಬರೆದಿಡುತ್ತಾರೆ. ಪ್ರಶ್ನೆಯೂ "ಯಾಕೆ ಗಾಬರಿ?" ಅಂತಲ್ಲ, "ಆ ತಂಡಕ್ಕೆ ಯಾಕೆ ಹೂಂ ಅಂದ್ರಿ?" ಅಂತ. ಇದಕ್ಕೆ ನಾಲ್ಕೇ ಪದಗಳಲ್ಲಿ ಉತ್ತರ ಕೊಡಬಹುದು.

ಜಾಣ ಸ್ಪೈ ಕೂಡ ಒಳ್ಳೆಯವರ ಥರವೇ ಬೇಡ ಅಂತ ವೋಟು ಹಾಕಬಹುದು ಅನ್ನುತ್ತಾರೆ. ಹಾಕಲಿ ಬಿಡಿ, ಕೆಟ್ಟ ತಂಡ ವೋಟಿನಲ್ಲಿ ಬಿದ್ದುಹೋದರೆ ಲಾಭ ನಮಗೇ. ಒಂದು ಎಚ್ಚರ ಮಾತ್ರ ಬೇಕು. ಸತತವಾಗಿ 5 ತಂಡಗಳು ಹೀಗೆ ವೋಟಿನಲ್ಲಿ ಬಿದ್ದರೆ ಸ್ಪೈಗಳೇ ಗೆದ್ದ ಹಾಗೆ. ಹಾಗಾಗಿ ಐದನೆಯ ಸಲ ಬೇರೆ ದಾರಿಯಿಲ್ಲದೆ ಹೂಂ ಅಂದವರ ಮೇಲೆ ಈ ಲೆಕ್ಕ ಹೂಡಬಾರದು.