‘ಇದಲ್ಲ’ ಅಂತ ಬರೆದಿದ್ದ ವೈರು

ಕೇಬಲ್ ಟಿವಿಯನ್ನು ಮನೆಯಿಂದ ಕಳಿಸುವುದು ಸುಲಭ. ಅದರ ವೈರನ್ನು ಕಳಿಸುವುದು ಮಾತ್ರ ಆಗುವ ಮಾತಲ್ಲ. ಕನೆಕ್ಷನ್ ಬೇಡ ಅಂತ ಹೇಳಿ ಎಷ್ಟೋ ಕಾಲ ಆದಮೇಲೂ ಆ ಕಪ್ಪು ವೈರು ಗೋಡೆಯೊಳಗೆ ಹಾಯಾಗಿ ಮಲಗಿರುತ್ತದೆ. ಬಾಡಿಗೆ ಕೊಡುವುದಿಲ್ಲ, ಜಾಗವನ್ನೂ ಬಿಡುವುದಿಲ್ಲ. ಪ್ರತಿ ರೂಮಿನ ಮೂಲೆಯಲ್ಲೂ ಒಂದೊಂದು ತುದಿ ಮೂತಿ ಚಾಚಿ ನಿಂತಿರುತ್ತದೆ. ಪೇಂಟ್ ಮಾಡಲು ಬಂದವರು ಗೋಡೆಯ ಜೊತೆ ಅದಕ್ಕೂ ಒಂದು ಕೋಟ್ ಬಳಿದು ಹೋಗಿರುತ್ತಾರೆ.

ನಮ್ಮ ಮನೆಯಲ್ಲಿ ಇಂಟರ್ನೆಟ್ ಬರುವುದು ಫೈಬರ್‌ನಲ್ಲಿ. ರೌಟರ್ ಇರುವುದು ಹಾಲ್‌ನಲ್ಲಿ. ನನ್ನ ಆಫೀಸ್ ಕೆಲಸ ನಡೆಯುವುದು ಹಿಂದಿನ ರೂಮಿನಲ್ಲಿ. ನಡುವೆ ಕಾಂಕ್ರೀಟ್ ಗೋಡೆ, ಕಬ್ಬಿಣದ ಬೀರು, ಬೀರುವಿಗೆ ಆಳೆತ್ತರದ ಕನ್ನಡಿ. ಕನ್ನಡಿಯ ಹಿಂದಿರುವುದು ಲೋಹದ ಲೇಪ, ಅದೂ ವೈ-ಫೈಯನ್ನು ವಾಪಸ್ ಕಳಿಸುತ್ತದೆ. ಅಂದರೆ ವೈ-ಫೈಗೆ ಆಗಿಬರದವರೆಲ್ಲ ನಮ್ಮ ಮನೆಯಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಮೀಟಿಂಗ್‌ನಲ್ಲಿ ನಾನು ‘ಈ ಪ್ಲಾನಿಗೆ ನನ್ನ ಒಪ್ಪಿಗೆ ಇಲ್ಲ’ ಅಂದರೆ ಅವರಿಗೆ ‘ಈ ಪ್ಲಾನಿಗೆ ನನ್ನ ಒಪ್ಪಿಗೆ’ ಅಂತ ಮಾತ್ರ ಕೇಳಿಸುತ್ತಿತ್ತು. ಹಾಗೆ ಒಪ್ಪಿಕೊಂಡ ಕೆಲಸಗಳನ್ನು ಈಗಲೂ ಮಾಡುತ್ತಿದ್ದೇನೆ.

ಹೊಸದಾಗಿ ನೆಟ್‌ವರ್ಕ್ ವೈರು ಎಳೆಸೋಣ ಅಂದರೆ ಗೋಡೆ ಕೊರೆಯಬೇಕು. ‘ಗೋಡೆಗೆ ಇನ್ನೊಂದು ತೂತು ಬಿದ್ದರೆ ನೋಡಿ’ ಅಂತ ನನ್ನ ಹೆಂಡತಿ ಅಷ್ಟೇ ಹೇಳಿದಳು. ಮುಂದಿನದನ್ನು ಹೇಳಲಿಲ್ಲ. ಹೇಳದೆ ಇರುವುದೇ ಜಾಸ್ತಿ ಭಯ.

ಆಗ ಕಣ್ಣಿಗೆ ಬಿದ್ದದ್ದು ಈ ಹಳೆ ಕೋಆಕ್ಸಿಯಲ್ ಕೇಬಲ್. ಸುಮ್ನೆ ನೋಡಿದರೆ ದಪ್ಪ ಹಗ್ಗ ಅಷ್ಟೇ. ಕತ್ತರಿಸಿ ನೋಡಿದರೆ ಒಳಗೆ ಸಂಸಾರವೇ ಇದೆ. ನಟ್ಟನಡುವೆ ಒಂಟಿ ತಂತಿ, ಸುತ್ತ ಬಿಳಿ ಫೋಮ್, ಅದರ ಮೇಲೆ ತೆಳು ಲೋಹದ ಹಾಳೆ, ಆಮೇಲೆ ಸಣ್ಣ ತಂತಿಗಳ ಜಾಲರಿ, ಕೊನೆಗೆ ಪ್ಲಾಸ್ಟಿಕ್ ಹೊದಿಕೆ. ಹೊರಗಿನ ಗದ್ದಲ ಒಳಗೆ ಬರಬಾರದು, ಒಳಗಿನ ಮಾತು ಹೊರಗೆ ಹೋಗಬಾರದು, ಅದಕ್ಕೆ ಇಷ್ಟೆಲ್ಲ ಏರ್ಪಾಡು. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಈ ಬಗೆಯ ವೈರಿಗೆ ಪೇಟೆಂಟ್ ತೆಗೆದುಕೊಂಡಿದ್ದು 1880ರಲ್ಲಿ. ಆಗ ಟಿವಿಯೇ ಇರಲಿಲ್ಲ. ಅಂದರೆ ಅದು ಟಿವಿಗಾಗಿ ಹುಟ್ಟಿದ್ದೂ ಅಲ್ಲ, ಟಿವಿ ಹೋಯಿತು ಅಂತ ಅಳಬೇಕಾದ್ದೂ ಇಲ್ಲ.

ಇದರ ಮೇಲೆ ನೆಟ್ ಓಡಿಸುವ ತಂತ್ರಕ್ಕೆ ಮೋಕಾ ಅಂತ ಹೆಸರು. 2004ರಲ್ಲಿ ಕೆಲವು ಕಂಪನಿಗಳು ಸೇರಿ ಕಟ್ಟಿಕೊಂಡ ‘ಮಲ್ಟಿಮೀಡಿಯಾ ಓವರ್ ಕೋಆಕ್ಸ್ ಅಲಯನ್ಸ್’ ಅನ್ನುವ ಕೂಟದ ಚುಟುಕು ಹೆಸರೇ ಅದಕ್ಕೂ ಬಂದಿದೆ. ಕೇಬಲ್ ಟಿವಿಯ ಚಾನೆಲ್‌ಗಳು ಹೆಚ್ಚೂಕಡಿಮೆ 1000 ಮೆಗಾಹರ್ಟ್ಸ್ ಒಳಗೇ ಓಡಾಡುತ್ತವೆ. ಮೋಕಾ ಅದಕ್ಕೂ ಮೇಲೆ, 1125ರಿಂದ 1675ರ ನಡುವೆ ಓಡುತ್ತದೆ. ಹಾಗಾಗಿ ಕೇಬಲ್ ಟಿವಿ ಇನ್ನೂ ಇಟ್ಟುಕೊಂಡವರ ಮನೆಯಲ್ಲೂ ಒಂದೇ ವೈರಿನಲ್ಲಿ ಎರಡೂ ಜಗಳವಿಲ್ಲದೆ ಇರುತ್ತವೆ. ರೌಟರ್ ಹತ್ತಿರ ಒಂದು ಅಡಾಪ್ಟರ್, ಆ ಕಡೆ ರೂಮಿನಲ್ಲಿ ಒಂದು ಅಡಾಪ್ಟರ್, ಕೆಲಸ ಮುಗೀತು. ಮೋಕಾ 2.5ರಲ್ಲಿ ಸೆಕೆಂಡಿಗೆ 2.5 ಗಿಗಾಬಿಟ್‌ವರೆಗೆ ಹೋಗುತ್ತದೆ ಅಂತ ಲೆಕ್ಕ. ನನಗೆ ಬೇಕಾಗಿದ್ದದ್ದು ‘ಇಲ್ಲ’ ಅನ್ನುವ ಒಂದು ಪದ ದಾಟುವಷ್ಟು ಮಾತ್ರ.

ವಿಷಯ ಮಾವನ ಕಿವಿಗೆ ಬಿತ್ತು. ಅವರು ಒಂದು ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿದ್ದು ರಿಟೈರ್ ಆದವರು. ಕೋಆಕ್ಸಿಯಲ್ ಅನ್ನುವ ಹೆಸರು ಕೇಳಿದ್ದೇ ತಡ, ಅವರ ಮುಖಕ್ಕೆ ಮೊದಲ ಸಂಬಳದ ಕಳೆ ಬಂತು.

‘ಅಳಿಯಂದ್ರೇ, ಇದರಲ್ಲಿ ಹೊಸದೇನಿದೆ? ಈಥರ್ನೆಟ್ ಹುಟ್ಟಿದ್ದೇ ಈ ವೈರಿನ ಮೇಲೆ’ ಅಂದರು.

ಅದು ನಿಜ. ಈಥರ್ನೆಟ್ ಅಂದರೆ ಕಂಪ್ಯೂಟರುಗಳನ್ನು ವೈರಿನಲ್ಲಿ ಒಂದಕ್ಕೊಂದು ಜೋಡಿಸುವ ಏರ್ಪಾಡು. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಅನ್ನುವ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಈಥರ್ನೆಟ್ಟನ್ನು ಯೋಚಿಸಿದಾಗ ಅದು ಓಡಿದ್ದು ಕೋಆಕ್ಸಿಯಲ್ ಮೇಲೆಯೇ. ಆಮೇಲೆ ಬಂದದ್ದು ಕಿರುಬೆರಳ ಗಾತ್ರದ ದಪ್ಪ ಕೇಬಲ್, ಒಂದೇ ಎಳೆತಕ್ಕೆ 500 ಮೀಟರ್. ಕಂಪ್ಯೂಟರ್ ಸೇರಿಸಬೇಕಾದರೆ ಆ ಕೇಬಲ್ಲಿಗೆ ಮುಳ್ಳಿನಂಥ ಪಿನ್ ಚುಚ್ಚಬೇಕಿತ್ತು. ನಂತರ ತೆಳು ಕೇಬಲ್ ಬಂತು, 185 ಮೀಟರ್ ಮಿತಿ. ಪ್ರತಿ ಕಂಪ್ಯೂಟರಿಗೂ ಒಂದು ಟಿ ಆಕಾರದ ಕನೆಕ್ಟರ್, ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್, ಅಂದರೆ ಸಿಗ್ನಲ್ ವಾಪಸ್ ಪುಟಿಯದಂತೆ ತಡೆಯುವ ಮುಚ್ಚಳ. ಮಾವ ಹೇಳುವ ಪ್ರಕಾರ, ಯಾರಾದರೂ ಕುರ್ಚಿ ಸರಿಸುವಾಗ ಕಾಲು ತಗುಲಿ ಒಂದು ಟರ್ಮಿನೇಟರ್ ಕಳಚಿತು ಅಂದರೆ ಇಡೀ ಮಹಡಿಯ ಕಂಪ್ಯೂಟರುಗಳು ಮೂಕ. ಎಲ್ಲರ ಮೇಜಿನ ಕೆಳಗೂ ತೆವಳಿ ನೋಡಬೇಕು. ‘ನಾನು ಆ ಆಫೀಸಿನಲ್ಲಿ ಸಾಹೇಬರ ಮುಖ ನೋಡಿದ್ದಕ್ಕಿಂತ ಬೂಟು ನೋಡಿದ್ದೇ ಜಾಸ್ತಿ’ ಅಂತ ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಆ ಕಾಲದ ಟಿ ಕನೆಕ್ಟರುಗಳು, ಟರ್ಮಿನೇಟರುಗಳು ಅವರ ಹತ್ತಿರ ಇನ್ನೂ ಒಂದು ತಗಡಿನ ಡಬ್ಬಿಯಲ್ಲಿದ್ದವು. ಡಬ್ಬಿ ಸಮೇತ ಬಂದರು. ಪಾಪ, ಒಂದೂ ಕೂರಲಿಲ್ಲ. ಅವು ತಿರುಗಿಸಿ ಲಾಕ್ ಮಾಡುವ ಬಿಎನ್‌ಸಿ. ಟಿವಿ ಕೇಬಲ್ಲಿನದು ತಿರುಪಿನ ಹಾಗೆ ಸುತ್ತಿ ಕೂರಿಸುವ ಎಫ್ ಕನೆಕ್ಟರ್. ಅಲ್ಲದೆ ಅವು 50 ಓಮ್‌ನವು, ಟಿವಿ ವೈರು 75 ಓಮ್‌ನದು. ಮಾವ ಇದನ್ನು ತಾಂತ್ರಿಕ ವಿಷಯವಾಗಿ ತೆಗೆದುಕೊಳ್ಳಲಿಲ್ಲ, ಅವಮಾನವಾಗಿ ತೆಗೆದುಕೊಂಡರು.

ಮೊದಲ ಕೆಲಸ ಅಟ್ಟ ಹತ್ತುವುದು. ಎಲ್ಲ ರೂಮಿನ ವೈರುಗಳೂ ಬಂದು ಸೇರುವುದು ಅಲ್ಲಿಯೇ. ಅಲ್ಲಿ ನೋಡಿದರೆ ಒಂದು ಸಿಗ್ನಲ್ಲನ್ನು ಹಲವು ವೈರಿಗೆ ಹಂಚುವ, ಎಂಟು ಬಾಯಿಯ ಒಂದು ಸ್ಪ್ಲಿಟರ್. ಅದರ ಒಂದು ಬಾಯಿಗೆ ಇನ್ನೊಂದು ಸ್ಪ್ಲಿಟರ್. ಅದಕ್ಕೂ ಹಿಂದೆ ಒಂದು ಬೂಸ್ಟರ್. ಎರಡು ಬಾಯಿಯ ಸ್ಪ್ಲಿಟರಿನಲ್ಲೇ ಸಿಗ್ನಲ್ಲಿನ ಅರ್ಧಕ್ಕಿಂತ ಜಾಸ್ತಿ ಹೋಗಿಬಿಡುತ್ತದೆ, ಸುಮಾರು 3.5 ಡೆಸಿಬೆಲ್. ಎಂಟು ಬಾಯಿಯದರಲ್ಲಿ 11 ಡೆಸಿಬೆಲ್, ಅಂದರೆ ಒಂದು ಬಾಯಿಗೆ ಹತ್ತರಲ್ಲೊಂದು ಪಾಲೂ ದಕ್ಕುವುದಿಲ್ಲ. ನಮಗಿಂತ ಮುಂಚೆ ಇದ್ದವರಿಗೆ ಟಿವಿ ಮೇಲೆ ಅದೆಷ್ಟು ಪ್ರೀತಿಯೋ, ಮನೆಯಲ್ಲಿ ಇರುವ ರೂಮುಗಳಿಗಿಂತ ಅಟ್ಟದಲ್ಲಿ ವೈರುಗಳು ಜಾಸ್ತಿ ಇದ್ದವು.

ಬೂಸ್ಟರ್ ಕಥೆ ಇನ್ನೂ ಚೆನ್ನಾಗಿದೆ. ಅದರ ಕೆಂಪು ದೀಪ ಉರಿಯುತ್ತಿತ್ತು! ನೋಡುವವರೇ ಇಲ್ಲದ ಟಿವಿಗೆ, ಬಾರದ ಸಿಗ್ನಲ್ಲನ್ನು, ನಮ್ಮ ಕರೆಂಟಿನಲ್ಲಿ, ಅದು ನಿಷ್ಠೆಯಿಂದ ಹಿಗ್ಗಿಸುತ್ತಲೇ ಕೂತಿತ್ತು. ಇಂಥ ಹಳೆ ಬೂಸ್ಟರುಗಳು ಸಾಮಾನ್ಯವಾಗಿ ಮೋಕಾದ ದಾರಿಗೆ ಅಡ್ಡ. ಅದನ್ನು ತೆಗೆದೆವು. ಸ್ಪ್ಲಿಟರುಗಳ ಮೇಲೆ ‘5–1000 ಮೆಗಾಹರ್ಟ್ಸ್’ ಅಂತ ಅಚ್ಚಾಗಿತ್ತು, ಅವನ್ನೂ ತೆಗೆದು 1675ರವರೆಗೆ ಬಿಡುವ ಸಣ್ಣದೊಂದನ್ನು ಹಾಕಿದೆವು. ಮೂರು ಬಾಯಿ. ಸಾಕು.

ಈಗ ಯಾವ ವೈರು ಯಾವ ರೂಮಿನದು ಅಂತ ಪತ್ತೆ ಮಾಡಬೇಕಲ್ಲ. ಹಿಂದಿನವರು ಚೀಟಿ ಅಂಟಿಸಿದ್ದರು. ಒಂದರ ಮೇಲೆ ‘ಹೊಸದು’ ಅಂತಿತ್ತು, ಅದೇ ಎಲ್ಲಕ್ಕಿಂತ ಹಳೆಯದು. ಇನ್ನೊಂದರ ಮೇಲೆ ‘ದೊಡ್ಡ ಟಿವಿ’. ಟಿವಿಯ ಜೊತೆ ಆ ಗುರುತೂ ಮನೆ ಬಿಟ್ಟಿತ್ತು. ಮತ್ತೊಂದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಇದಲ್ಲ’.

ಪತ್ತೆಗೆ ಒಂದು ಸುಲಭ ಉಪಾಯ ಇದೆ. ರೂಮಿನ ತುದಿಯಲ್ಲಿ ನಡುವಿನ ತಂತಿಗೂ ಹೊರಗಿನ ಕನೆಕ್ಟರಿಗೂ ಒಂದು ತುಂಡು ತಂತಿ ಮುಟ್ಟಿಸಬೇಕು. ಅಟ್ಟದಲ್ಲಿ ಮಲ್ಟಿಮೀಟರ್ ಹಿಡಿದರೆ ಆ ವೈರಿನಲ್ಲಿ ಮಾತ್ರ ಬೀಪ್ ಬರುತ್ತದೆ. ಮುಟ್ಟಿಸುವವಳು ಮಗಳು, ಮೀಟರ್ ಹಿಡಿದವನು ನಾನು, ಮೇಲ್ವಿಚಾರಣೆ ಮಾವನದು.

‘ಅಪ್ಪಾ, ಮುಟ್ಸಿದ್ದೀನಿ!’

‘ಬೀಪ್ ಇಲ್ಲ!’

‘ತಾತ ಬಿಡು ಅಂದ್ರು, ಬಿಟ್ಟೆ!’

‘ಮಾವ, ಯಾಕೆ ಬಿಡಿಸಿದ್ರಿ?’

‘ನೀವು ಹೇಳಿದ್ದು ಕೇಳಿಸ್ಲಿಲ್ಲ ಅಳಿಯಂದ್ರೇ, ಫೋನ್ ಮಾಡಿ!’

ಫೋನ್ ಮಾಡಿದರೆ ಹಿಂದಿನ ರೂಮಿನಲ್ಲಿ ವೈ-ಫೈ ಕಾಲ್ ಹತ್ತುವುದಿಲ್ಲ. ಅದಕ್ಕೇ ತಾನೇ ಇಷ್ಟೆಲ್ಲ ಮಾಡುತ್ತಿದ್ದದ್ದು. ಅಂತೂ ಗಂಟಲು ಬಿದ್ದುಹೋಗುವ ಹೊತ್ತಿಗೆ ನಮಗೆ ಬೇಕಾದ ವೈರುಗಳು ಸಿಕ್ಕವು. ‘ಇದಲ್ಲ’ ಮಾತ್ರ ಮನೆಯ ಯಾವ ಮೂಲೆಯಿಂದಲೂ ಬೀಪ್ ಅನ್ನಲಿಲ್ಲ.

ನಡುವೆ ಮಾವನ ಕಣ್ಣು ಅತ್ತೆಯ ರೂಮಿನ ಡಿಶ್ ವೈರಿನ ಮೇಲೂ ಬಿತ್ತು. ‘ಇದನ್ನೂ ಸೇರಿಸಿಬಿಡೋಣ’ ಅಂದರು. ಅದು ಕೂಡದು. ಡಿಶ್ ವೈರಿನಲ್ಲಿ 950ರಿಂದ 2150 ಮೆಗಾಹರ್ಟ್ಸ್ ಸಿಗ್ನಲ್ ಬರುತ್ತದೆ, ಮೋಕಾದ ಜಾಗಕ್ಕೇ ಬಂದು ಕೂರುತ್ತದೆ. ಅಲ್ಲದೆ ಸೆಟ್ ಟಾಪ್ ಬಾಕ್ಸು ಆ ವೈರಿನ ಮೂಲಕವೇ ಡಿಶ್ಶಿನ ತಲೆಗೆ 13 ಇಲ್ಲವೇ 18 ವೋಲ್ಟ್ ಕರೆಂಟ್ ಕಳಿಸುತ್ತಿರುತ್ತದೆ. ಇವೆಲ್ಲ ಕಾರಣಗಳನ್ನು ವಿವರವಾಗಿ ಹೇಳಿದೆ. ಮಾವ ಒಪ್ಪಲಿಲ್ಲ. ‘ನನ್ನ ಟಿವಿ ಮುಟ್ಟಿದರೆ ನೋಡಿ’ ಅಂತ ಅತ್ತೆ ಒಳಗಿನಿಂದ ಹೇಳಿದರು. ಒಪ್ಪಿದರು.

ಅಡಾಪ್ಟರ್ ಹಾಕಿದ ಮೇಲೆ ದೀಪ ಹತ್ತಿತು, ಆದರೆ ಸ್ಪೀಡ್ ಇಲ್ಲ. ಎಫ್ ಕನೆಕ್ಟರಿನ ಒಂದು ವಿಶೇಷ ಏನೆಂದರೆ ಅದಕ್ಕೆ ಬೇರೆ ಪಿನ್ ಇಲ್ಲ. ಕೇಬಲ್ಲಿನ ನಡುವಿನ ತಂತಿಯೇ ಪಿನ್. ಅಗ್ಗವೂ ಹೌದು, ಜಾಣತನವೂ ಹೌದು, ತಲೆನೋವೂ ಹೌದು. ಹಿಂದೆ ಯಾರೋ ಕೈಯಲ್ಲೇ ತಿರುಗಿಸಿ ಕೂರಿಸಿದ್ದ ಕನೆಕ್ಟರಿನೊಳಗೆ ಜಾಲರಿಯ ಒಂದು ಕೂದಲೆಳೆ ತಂತಿ ಹೊರಳಿ ಬಂದು ನಡುವಿನ ತಂತಿಗೆ ತಾಗಿಯೂ ತಾಗದ ಹಾಗೆ ನಿಂತಿತ್ತು. ಬಾಗಿಲು ಜೋರಾಗಿ ಹಾಕಿದರೆ ನೆಟ್ ಹೋಗುತ್ತದೆ, ಇನ್ನೊಂದು ಸಲ ಹಾಕಿದರೆ ಬರುತ್ತದೆ. ಮಗಳು ಇದನ್ನು ನಮಗಿಂತ ಮೊದಲೇ ಕಂಡುಹಿಡಿದು, ಬಾಗಿಲು ಹಾಕಿ ಹಾಕಿ ತನ್ನ ವಿಡಿಯೊ ನೋಡಿ ಮುಗಿಸಿದ್ದಳು. ಒತ್ತಿ ಕೂರಿಸುವ ಹೊಸ ಕನೆಕ್ಟರ್ ಹಾಕಿದ ಮೇಲೆ ಮೀಟಿಂಗ್‌ನಲ್ಲಿ ನನ್ನ ‘ಇಲ್ಲ’ ಮೊದಲ ಸಲ ಪೂರ್ತಿ ಕೇಳಿಸಿತು. ಆ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೆಟ್ ಹೋಯ್ತೇನೋ ಅಂದುಕೊಂಡೆ.

ಎಲ್ಲ ಸರಿಹೋಯಿತು ಅನ್ನುವಾಗ ಹಾಲ್‌ನ ಟಿವಿಯಲ್ಲಿ ಒಬ್ಬರು ದಂಡ ಹೊಡೆಯಲು ಶುರುಮಾಡಿದರು. ಅತ್ತೆ ನೋಡುತ್ತಿದ್ದ ಹಾಡಿನ ಕಾರ್ಯಕ್ರಮ ಅರ್ಧಕ್ಕೇ ನಿಂತು ವ್ಯಾಯಾಮದ ವಿಡಿಯೊ ಬಂತು. ರಿಮೋಟ್ ಯಾರ ಕೈಯಲ್ಲೂ ಇಲ್ಲ. ನಾವು ಹಾಡು ಹಾಕಿದರೆ ಅದು ಮತ್ತೆ ವ್ಯಾಯಾಮ ಹಾಕುತ್ತದೆ. ಅತ್ತೆ ನನ್ನನ್ನು ನೋಡಿದರು. ನಾನು ಮಾವನನ್ನು ನೋಡಿದೆ. ಮಾವ ಅಟ್ಟದ ಕಡೆ ನೋಡಿದರು.

ವಿಷಯ ಇಷ್ಟು. ಸ್ಪ್ಲಿಟರಿನಲ್ಲಿ ಒಂದು ಬಾಯಿ ಖಾಲಿ ಉಳಿದಿತ್ತು. ಖಾಲಿ ಬಾಯಿ ಬಿಡಬಾರದು ಅನ್ನುವುದು ಮಾವನ ಹಳೆ ಆಫೀಸಿನ ಧರ್ಮ. ತಪ್ಪೂ ಅಲ್ಲ, ತೆರೆದ ಬಾಯಿಯಿಂದ ಸಿಗ್ನಲ್ ವಾಪಸ್ ಪುಟಿಯುತ್ತದೆ, ಅಲ್ಲಿಗೆ 75 ಓಮ್‌ನ ಟರ್ಮಿನೇಟರ್ ಹಾಕುವುದೇ ಸರಿ. ಅವರ ಹತ್ತಿರ ಇದ್ದದ್ದು 50 ಓಮ್‌ನದು, ಅದು ಕೂರಲಿಲ್ಲ. ಹಾಗಾಗಿ ಅನಾಥವಾಗಿ ನೇತಾಡುತ್ತಿದ್ದ ‘ಇದಲ್ಲ’ವನ್ನೇ ತಂದು ಸಿಕ್ಕಿಸಿ, ಕೈ ಕೊಡವಿಕೊಂಡು ಇಳಿದಿದ್ದರು.

‘ಇದಲ್ಲ’ ನಮ್ಮ ಯಾವ ರೂಮಿನದೂ ಅಲ್ಲ, ಅಷ್ಟೇ. ಅದು ಕಟ್ಟಡಕ್ಕೆಲ್ಲ ಕೇಬಲ್ ಹಂಚುವ ಡಬ್ಬಿಗೆ ಹೋಗುವ ವೈರು. ಮೇಲಿನ ಮನೆಯ ವೈರೂ ಅಲ್ಲಿಗೇ ಬರುತ್ತದೆ. ಅವರ ರೌಟರಿನೊಳಗೇ ಮೋಕಾ ಇತ್ತು, ಆನ್ ಆಗಿಯೇ ಇತ್ತು. ಪಾಸ್‌ವರ್ಡ್ ಇಡದೆ ಹೋದರೆ ಮೋಕಾ ಸಾಧನಗಳು ಒಂದನ್ನೊಂದು ಕಂಡ ಕೂಡಲೇ ಕೈ ಕುಲುಕಿಬಿಡುತ್ತವೆ. ಎರಡು ಮನೆಗೂ ಸೇರಿ ಒಂದೇ ನೆಟ್‌ವರ್ಕ್ ಆಯಿತು. ಎರಡು ರೌಟರುಗಳೂ ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಹಂಚುತ್ತವೆ, ಯಾವುದು ಮೊದಲು ಉತ್ತರ ಕೊಡುತ್ತದೋ ಅದರ ಕಡೆ ಫೋನು ಹೋಗುತ್ತದೆ. ನಮ್ಮ ಫೋನು ಅವರ ನೆಟ್ಟಿನಲ್ಲಿ, ಅವರ ಟಿವಿ ನಮ್ಮ ನೆಟ್ಟಿನಲ್ಲಿ. ಅವರು ತಮ್ಮ ಟಿವಿಗೆ ಅಂತ ಕಳಿಸಿದ ವಿಡಿಯೊ ನಮ್ಮ ಹಾಲ್‌ನಲ್ಲಿ.

ಇದನ್ನು ಬಿಡಿಸುವ ಮುಂಚೆಯೇ ಪ್ರಿಂಟರ್ ತಾನಾಗಿ ಎದ್ದು ಕೂತಿತು. ಒಂದು ಹಾಳೆ ಬಂತು. ರಾಜೀನಾಮೆ ಪತ್ರ. ಮೇಲಿನ ಮನೆಯವರದ್ದು. ವೈಯಕ್ತಿಕ ಕಾರಣಗಳಿಂದ ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದೇನೆ ಅಂತ. ತಮ್ಮ ಪ್ರಿಂಟರಿನಲ್ಲಿ ಕಾಗದ ಬರಲಿಲ್ಲ ಅಂತ ಮತ್ತೆ ಮತ್ತೆ ಒತ್ತಿರಬೇಕು, ನಮ್ಮಲ್ಲಿ ಅವರು ರಾಜೀನಾಮೆ ಕೊಡುತ್ತಲೇ ಹೋದರು. ಮಾವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ‘ಎರಡನೇ ಪ್ಯಾರಾದಲ್ಲಿ ವ್ಯಾಕರಣ ತಪ್ಪಿದೆ’ ಅಂದರು.

ಕೇಬಲ್ ಸಂಪರ್ಕ ಇನ್ನೂ ಇರುವ ಮನೆಯವರು ಹೊರಗಿನಿಂದ ವೈರು ಬರುವ ಕಡೆ ಒಂದು ಸಣ್ಣ ಫಿಲ್ಟರ್ ಹಾಕಿಕೊಳ್ಳಬೇಕು. ಅದು ಟಿವಿ ಸಿಗ್ನಲ್ಲನ್ನು ಒಳಗೆ ಬಿಟ್ಟು, ಮೋಕಾ ಸಿಗ್ನಲ್ಲನ್ನು ಹೊರಗೆ ಹೋಗದಂತೆ ತಡೆದು ಮನೆಗೇ ವಾಪಸ್ ತಿರುಗಿಸುತ್ತದೆ. ನಮಗೆ ಅದೂ ಬೇಕಾಗಲಿಲ್ಲ. ‘ಇದಲ್ಲ’ವನ್ನು ಕಿತ್ತೆ. ಆ ಬಾಯಿಗೆ 75 ಓಮ್‌ನ ಟರ್ಮಿನೇಟರ್ ತಿರುಗಿಸಿದೆ. ಅಡಾಪ್ಟರುಗಳಿಗೆ ಪಾಸ್‌ವರ್ಡ್ ಇಟ್ಟೆ. ಚೀಟಿಯನ್ನು ಮಾತ್ರ ಇನ್ನೂ ಗಟ್ಟಿಯಾಗಿ ಅಂಟಿಸಿದೆ. ಅತ್ತೆಗೆ ಹಾಡು ವಾಪಸ್ ಬಂತು.

ಆಮೇಲೊಂದು ಸಂಜೆ ಮೇಲಿನ ಮನೆಯವರು ಬಾಗಿಲಲ್ಲಿ ನಿಂತಿದ್ದರು.

‘ಸಾರ್, ನಿಮ್ಮ ಮನೇಲಿ ನೆಟ್ ಸರಿ ಇದೆಯಾ? ನಮ್ಮಲ್ಲಿ ಇದ್ದಕ್ಕಿದ್ದ ಹಾಗೆ ಸ್ಲೋ ಆಗಿಬಿಟ್ಟಿದೆ. ನಡುವೆ ಸ್ವಲ್ಪ ದಿನ ಎಷ್ಟು ಚೆನ್ನಾಗಿತ್ತು ಗೊತ್ತಾ?’

‘ಹೌದಾ?’ ಅಂದೆ.

‘ಟಿವಿ ಹೋಗ್ಲಿ ಬಿಡಿ ಸಾರ್. ಆಫೀಸ್ ಕೆಲಸ ಎಲ್ಲ ಮನೆಯಿಂದಲೇ ಅಲ್ವಾ, ಅದೇ ಚಿಂತೆ.’

ನಾನು ಏನು ಹೇಳಲಿ ಅಂತ ಯೋಚಿಸುತ್ತಿರುವಾಗ ಒಳಗಿನಿಂದ ಮಾವ ಸಮಾಧಾನದ ದನಿಯಲ್ಲಿ ಹೇಳಿದರು:

‘ಅದಕ್ಯಾಕಪ್ಪಾ ಚಿಂತೆ? ಹೆಂಗೂ ತಿಂಗಳ ಕೊನೆವರೆಗೆ ತಾನೇ!’