ಜೊತೆಗೆ ಕಳಿಸುತ್ತಿದ್ದ ಹೆಂಗಸರು

ಗವರ್ನೆಸ್ ಅಂದರೆ ಶ್ರೀಮಂತರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳಿ, ಅವರನ್ನು ನೋಡಿಕೊಳ್ಳುವವಳು. ಹಳೇ ಇಂಗ್ಲೆಂಡಿನ ಕಥೆಗಳಲ್ಲಿ ಅವಳು ಸಿಡುಕು ಮೋರೆಯ ಹೆಂಗಸು. ಹುಡುಗಿ ನಕ್ಕರೂ ತಪ್ಪು, ನಿಂತರೂ ತಪ್ಪು. ಈ ಚಿತ್ರ ನೋಡಿದಾಗಲೆಲ್ಲ ನನಗೆ ಲೂಯಿಸ್ ಲೇಟ್ಸೆನ್ ನೆನಪಾಗುತ್ತಾಳೆ, ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಜರ್ಮನಿಯ ಹ್ಯಾನೋವರ್ ಕಡೆಯ ಪಾದ್ರಿಯ ಮಗಳು. 1824ರಲ್ಲಿ ಐದು ವರ್ಷದ ವಿಕ್ಟೋರಿಯಾಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮುಂದೆ ರಾಣಿಯಾದಳಲ್ಲ, ಅದೇ ವಿಕ್ಟೋರಿಯಾ. ಕೆನ್ಸಿಂಗ್ಟನ್ ಅರಮನೆಯಲ್ಲಿ ಆ ಮಗು ಯಾರಾದರೂ ಕೈ ಹಿಡಿಯದೆ ಮೆಟ್ಟಿಲು ಇಳಿಯುವಂತಿರಲಿಲ್ಲ. ಮಲಗುವುದು ಅಮ್ಮನ ಕೋಣೆಯಲ್ಲೇ, ಅಮ್ಮ ಬರುವವರೆಗೆ ಲೇಟ್ಸೆನ್ ಪಕ್ಕದಲ್ಲಿ ಕೂತಿರಬೇಕು. ಕಾವಲು ಅಂದರೆ ಕಾವಲೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಮಗುವಿನ ಜೊತೆ ಕೂತು ಮರದ ಗೊಂಬೆಗಳಿಗೆ ಬಟ್ಟೆ ಹೊಲಿದವಳೂ ಅವಳೇ. ಒಂದೆರಡಲ್ಲ, 132 ಗೊಂಬೆ!

1835ರಲ್ಲಿ ರಾಮ್ಸ್‌ಗೇಟ್‌ನಲ್ಲಿ ವಿಕ್ಟೋರಿಯಾ ಜ್ವರದಿಂದ ಹಾಸಿಗೆ ಹಿಡಿದಳು. ಅಮ್ಮನ ಆಪ್ತ ಜಾನ್ ಕಾನ್ರಾಯ್, ಮುಂದೆ ತನ್ನನ್ನೇ ಕಾರ್ಯದರ್ಶಿ ಮಾಡಿಕೊಳ್ಳಬೇಕು ಅಂತ ಆ ಸ್ಥಿತಿಯಲ್ಲೂ ಒತ್ತಾಯ ಮಾಡಿದ. ಅಮ್ಮನೂ ಅವನ ಕಡೆ. ಹುಡುಗಿ ಒಪ್ಪಲಿಲ್ಲ. ಅವಳ ಬೆನ್ನಿಗೆ ನಿಂತವಳು ಲೇಟ್ಸೆನ್. ಮನೆಯೊಡತಿಯನ್ನು ಎದುರು ಹಾಕಿಕೊಂಡು ಹದಿನಾರರ ಹುಡುಗಿಯ ಪರ ನಿಲ್ಲುವುದು ಸಣ್ಣ ಮಾತಾ? ಅವಳಿಗೆ ಹೋಗೋಕೆ ಬೇರೆ ಮನೆಯಾದರೂ ಎಲ್ಲಿತ್ತು?

ಆಮೇಲೆ ವಿಕ್ಟೋರಿಯಾಳ ಮದುವೆ ಆಯಿತು, ಗಂಡ ಆಲ್ಬರ್ಟ್ ಬಂದ, ಅವನಿಗೆ ಲೇಟ್ಸೆನ್ ಸರಿಬರಲಿಲ್ಲ. 1842ರಲ್ಲಿ ವಾಪಸ್ ಜರ್ಮನಿಗೆ. ವರ್ಷಕ್ಕೆ 800 ಪೌಂಡ್ ಪಿಂಚಣಿ ಸಿಕ್ಕಿತು, ರಾಣಿಯ ಗವರ್ನೆಸ್ ಅಲ್ವಾ. ಉಳಿದವರಿಗೆ ಎಲ್ಲಿಯ ಪಿಂಚಣಿ? ವಯಸ್ಸಾದ ಮೇಲೆ ದಿಕ್ಕಿಲ್ಲದ ಗವರ್ನೆಸ್‌ಗಳು ಎಷ್ಟು ಜಾಸ್ತಿ ಇದ್ದರೆಂದರೆ, ಅವರ ನೆರವಿಗೆ ಅಂತಲೇ 1843ರಲ್ಲಿ ಲಂಡನ್ನಿನಲ್ಲಿ ಒಂದು ಸಂಸ್ಥೆ ಕಟ್ಟಬೇಕಾಯಿತು.

ನಮ್ಮ ಮನೆಯಲ್ಲೂ ಒಬ್ಬರಿದ್ದರು. ಅಜ್ಜಿಯ ತಂಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅಮ್ಮ ಸಂಗೀತದ ಪಾಠಕ್ಕೆ ಹೋದರೆ ಜೊತೆಗೆ ಅವರು. ಮೇಷ್ಟರ ಮನೆ ಜಗಲಿಯಲ್ಲಿ ಕೂತು, ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಹೂಬತ್ತಿ ಹೊಸೆಯುತ್ತಿದ್ದರಂತೆ. ನಾವೆಲ್ಲ ಅವರನ್ನು 'ಅಮ್ಮನ ಪೊಲೀಸ್' ಅಂತ ನಗುತ್ತಿದ್ದೆವು. ಹೋದ ವಾರ ಅಮ್ಮ ಹೇಳಿದರು, ಅವತ್ತು ಕಲಿತ ವರ್ಣಗಳೆಲ್ಲ ಅವರಿಗೂ ಬಾಯಿಪಾಠ ಇದ್ದವು ಅಂತ. ದಾರಿಯಲ್ಲಿ ಅಮ್ಮ ಸಾಹಿತ್ಯ ಮರೆತರೆ ಎತ್ತಿಕೊಡುತ್ತಿದ್ದವರು ಅವರೇ. ಅವರಿಗೂ ಕಲಿಸಿ ಅಂತ ಮೇಷ್ಟರಿಗೆ ಯಾರೂ ಹೇಳಲಿಲ್ಲ.