ಚಿಕ್ಕವ್ವ ಬೀಗರೂಟಕ್ಕೆ ಯಾಕೆ ಬರ್ತಿರ್ಲಿಲ್ಲ

ಊಟ ಮಾಡ್ತಾ ಓದ್ತಿದ್ರೆ ಮುಗಿಸ್ಕೊಂಡು ಬನ್ನಿ, ಇವತ್ತು ಕಕ್ಕಸಿನ ವಿಷ್ಯ.

ನಮ್ಮ ಚಿಕ್ಕವ್ವ ಮದ್ದೂರು ಕಡೆ ಹಳ್ಳಿಯೋಳು, ಅರವತ್ತು ದಾಟಿದೆ. ಐದಾರು ವರ್ಷದಿಂದ ಯಾರ ಮನೆ ಮದುವೆಗೂ ಸರಿಯಾಗಿ ಬರ್ತಿರ್ಲಿಲ್ಲ, ಬಂದ್ರೂ ಧಾರೆ ಆಗ್ತಿದ್ದ ಹಾಗೇ ಹೊರಟುಬಿಡೋಳು, ಬೀಗರೂಟಕ್ಕಂತೂ ಇಲ್ವೇ ಇಲ್ಲ. ಮಂಡ್ಯದೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಮದುವೆ ತಪ್ಪಿಸಿದ್ರೂ ಬೀಗರೂಟ ತಪ್ಪಿಸ್ತೀವಾ ನಾವು? ಮನೇಲೆಲ್ಲ ಜಮೀನು ಭಾಗ ಆದಾಗಿನ ಮುನಿಸು ಇನ್ನೂ ಹೋಗಿಲ್ಲ ಅನ್ಕೊಂಡಿದ್ರು. ಮಗ ಬೆಂಗ್ಳೂರಲ್ಲಿ ಕೆಲಸಕ್ಕೆ ಸೇರಿದ್ಮೇಲೆ ಜಂಬ ಬಂದಿದೆ ಅಂದೋರೂ ಇದ್ರು. ಅಂದೋರಲ್ಲಿ ನಾನೂ ಒಬ್ಳು.

ಹೋದ ವರ್ಷ ಮಂಡ್ಯದಲ್ಲಿ ನಮ್ಮ ಮಾವನ ಮಗಳ ಮದುವೆ. ಚಿಕ್ಕವ್ವ ಬಂದಿದ್ಲು, ಛತ್ರದ ಹಿಂದ್ಗಡೆ ಕೈತೊಳೆಯೋ ಜಾಗದ ಹತ್ರ ಒಂದು ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು ಒಬ್ಳೇ ಕೂತಿದ್ಲು, ತೊಡೆ ಮೇಲೆ ವೈರ್ ಬ್ಯಾಗು. ಎಲೆಅಡಿಕೆ ಕೊಡು ಅಂತ ನಾನೇ ಬ್ಯಾಗಿಗೆ ಕೈ ಹಾಕ್ದೆ. ಒಳಗೆ ಮಡಿಸಿದ ಒಂದು ಸೀರೆ, ಒಂದು ಲಂಗ, ಹಳೇ ಪಂಚೆ ಹರಿದು ಚೌಕ ಚೌಕ ಮಾಡಿದ ಬಟ್ಟೆ, ನಾಲ್ಕು ಪ್ಲಾಸ್ಟಿಕ್ ಕವರು. ಉಳ್ಕೊಳ್ತೀಯಾ ಇವತ್ತು ಅಂದೆ, ಖುಷಿಯಲ್ಲಿ. ಅವಳು ಬ್ಯಾಗು ಎಳ್ಕೊಂಡು, ಸುತ್ತ ನೋಡಿ, "ಇಲ್ಲ ಕಣ್ಮಗ, ಒಂದೊಂದ್ಸಲ ತಡ್ಕಳಕ್ಕಾಗಕಿಲ್ಲ" ಅಂದ್ಲು. ಅಷ್ಟೇ. ಹಿಂದಿನ ರಾತ್ರಿಯಿಂದ ಒಂದು ಲೋಟ ಕಾಫಿನೂ ಕುಡಿದಿರ್ಲಿಲ್ಲ ಅನ್ನೋದು ಆಮೇಲೆ ಬಾಯಿ ಬಿಡಿಸಿದ್ಮೇಲೆ ಗೊತ್ತಾಗಿದ್ದು.

ಕಾಫಿ ಯಾಕೆ ಬಿಟ್ಟಿದ್ಲು ಅಂದ್ರೆ, ಹೊಟ್ಟೆಗೆ ಏನಾದ್ರೂ ಬಿದ್ದ ತಕ್ಷಣ ದೊಡ್ಡ ಕರುಳು ಜಾಗ ಖಾಲಿ ಮಾಡೋಕೆ ಶುರು ಮಾಡುತ್ತೆ, ಎಲ್ಲರ ದೇಹದಲ್ಲೂ ಇರೋದೇ ಇದು, ಬೆಳಿಗ್ಗೆ ಹೊತ್ತು ಇನ್ನೂ ಜೋರು. ಡಾಕ್ಟ್ರು ಹೇಳೋಕೆ ಮುಂಚೆನೇ ಅದನ್ನ ಚಿಕ್ಕವ್ವ ತಾನಾಗೇ ಕಂಡ್ಕೊಂಡಿದ್ಲು, ಉಪವಾಸ ಇದ್ರೆ ಸೇಫ್ ಅಂತ.

ಈಗ ನನ್ನ ಕಥೆ. ನಾನು ಮೈಸೂರಲ್ಲಿ ಮನೆ, ಮಂಡ್ಯದಲ್ಲಿ ಕೆಲಸ, ಹನ್ನೊಂದು ವರ್ಷದಿಂದ ಟ್ರೈನಲ್ಲಿ ಓಡಾಟ. ಬಸ್ ಯಾಕೆ ಬೇಡ ಅಂತ ಆಫೀಸಲ್ಲಿ ಕೇಳ್ದಾಗೆಲ್ಲ ವಾಂತಿ ಬರುತ್ತೆ ಅಂದಿದೀನಿ. ಸುಳ್ಳು. ಟ್ರೈನಲ್ಲಿ ಟಾಯ್ಲೆಟ್ ಇದೆ, ಬಸ್ಸಲ್ಲಿಲ್ಲ. ಸೀಟ್ ಸಿಗದೆ ಬಾಗಿಲ ಹತ್ರ ನಿಂತ್ಕೊಂಡು ಬಂದ್ರೂ ಟ್ರೈನೇ ಬೇಕು ನಂಗೆ. ಬೆಳಿಗ್ಗೆ ಮನೆ ಬಿಡೋಕೆ ಮುಂಚೆ ಮೂರು ಸಲ ಹೋಗಿ ಬಂದ್ರೂ ಪೂರ್ತಿ ಆಗಿಲ್ಲ ಅನ್ಸೋದು, ಆಡಿಟ್ ಇದ್ರೆ ಐದು ಸಲ, ರಜಾ ದಿನ ಏನೂ ಇಲ್ಲ, ಅದ್ಕೇ ಮನೆಯೋರು ನಿಂದೆಲ್ಲ ಮನಸ್ಸಿನ ಕಾಯಿಲೆ ಅಂತ ನಗ್ತಿದ್ರು. ಒಂದು ಕಡೆ ತೋರಿಸ್ದೆ, ಸ್ಕ್ಯಾನ್ ನಾರ್ಮಲ್, ರಕ್ತ ನಾರ್ಮಲ್, ನಿಮಗೇನೂ ಇಲ್ಲಮ್ಮ ಟೆನ್ಶನ್ ಬಿಡಿ ಅಂತ ಗ್ಯಾಸಿನ ಮಾತ್ರೆ ಬರ್ದು ಮೂರು ನಿಮಿಷದಲ್ಲಿ ಕಳಿಸಿದ್ರು. ಏನೂ ಇಲ್ಲ ಅಂದ್ರೆ ನಾನ್ಯಾಕೆ ಹನ್ನೊಂದು ವರ್ಷದಿಂದ ಬೋಗಿ ಹತ್ತೋ ಮುಂಚೆ ಟಾಯ್ಲೆಟ್ ಯಾವ ಕಡೆ ಇದೆ ನೋಡ್ತಿದೀನಿ? ಇದಕ್ಕೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅಂತ ಹೆಸರಿದೆ. ಕರುಳು ಹಾಳಾಗಿರಲ್ಲ, ಕರುಳಿಗೂ ಮೆದುಳಿಗೂ ನಡುವಿನ ಮಾತುಕತೆ ಕೆಟ್ಟಿರುತ್ತೆ. 2016ರಲ್ಲಿ ಬಂದ, ಡಾಕ್ಟ್ರುಗಳು ಬಳಸೋ ರೋಮ್ 4 ಅನ್ನೋ ನಿಯಮಾವಳಿಯಲ್ಲಿ ಈ ಜಾತಿ ತೊಂದರೆಗಳನ್ನ ಗುರುತಿಸೋದು ಹಾಗೇನೇ. ಸ್ಕ್ಯಾನಲ್ಲಿ ಕಾಣಲ್ಲ ಅಂದ್ರೆ ಸುಳ್ಳು ಅಂತಲ್ಲ.

ನಾವಿಬ್ರೇ ಏನಲ್ಲ. 2021ರಲ್ಲಿ ದೊಡ್ಡ ಸ್ಟಡಿ ಒಂದು ಬಂತು, 33 ದೇಶ, 73 ಸಾವಿರಕ್ಕೂ ಹೆಚ್ಚು ಜನ, ಇಂಡಿಯಾನೂ ಇತ್ತು. ಇಂಟರ್ನೆಟ್ಟಲ್ಲಿ ಉತ್ತರ ಕೊಟ್ಟೋರಲ್ಲಿ 40% ಜನಕ್ಕೆ ಇಂಥದ್ದೊಂದು ಹೊಟ್ಟೆ-ಕರುಳಿನ ತೊಂದರೆ ಇದೆ, ಇದ್ದೋರ ಜೀವನದ ನೆಮ್ಮದಿನೂ ಇಲ್ಲದೋರಿಗಿಂತ ಕಮ್ಮಿ. ಮನೆಗೇ ಹೋಗಿ ಎದುರು ಕೂತು ಕೇಳಿದ ದೇಶಗಳಲ್ಲಿ ಆ ಲೆಕ್ಕ ಅರ್ಧದಷ್ಟೇ ಬಂತು, ನಮ್ ದೇಶದಲ್ಲಿ ಕೇಳಿದ್ದು ಹಾಗೇ. ದೇಶ ಬೇರೆ ಊಟ ಬೇರೆ, ಕಾರಣ ಹತ್ತಾರಿರ್ಬೋದು, ಆದ್ರೂ ಹೇಳಿ, ಪಕ್ಕದಲ್ಲಿ ಅತ್ತೆ ಕೂತಿದ್ರೆ ಬಾಗಿಲಿಗೆ ಬಂದೋರ ಹತ್ರ ಬಟ್ಟೇಲಿ ಆಗೋಗುತ್ತೆ ಅಂತ ಯಾವ ಸೊಸೆ ಹೇಳ್ತಾಳೆ?

ಡೆನ್ಮಾರ್ಕಿಂದು ಇನ್ನೂ ಮಜಾ. ಗುದನಾಳದ ಕ್ಯಾನ್ಸರ್ ಆಪರೇಷನ್ ಆದೋರಿಗೆ ಮೋಷನ್ ಕಂಟ್ರೋಲ್ ಎಷ್ಟು ಕೆಟ್ಟಿದೆ ಅಂತ ನೋಡೋಕೆ ಐದು ಪ್ರಶ್ನೆ ಮಾಡಿಟ್ಟಿದ್ದಾರೆ: ಗ್ಯಾಸ್ ತಡಿಯೋಕಾಗುತ್ತಾ, ನೀರಾಗಿ ಸೋರುತ್ತಾ, ದಿನಕ್ಕೆಷ್ಟು ಸಲ, ಹೋಗಿ ಬಂದು ಒಂದು ಗಂಟೆಯೊಳಗೆ ಮತ್ತೆ ಓಡ್ಬೇಕಾ, ಬಂತು ಅಂದ್ರೆ ಓಡ್ಲೇಬೇಕಾ. ಅದೇ ಪ್ರಶ್ನೆನ ಆಪರೇಷನ್ನೇ ಆಗದ ಸಾಮಾನ್ಯ ಜನಕ್ಕೆ ಕೇಳಿದ್ರೆ, 50ರಿಂದ 79 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಮ್ಮಿ ಐವರಿಗೆ ಒಬ್ರು, ಗಂಡಸರಲ್ಲಿ ಹತ್ತರಲ್ಲೊಬ್ರು ತೀರಾ ಜಾಸ್ತಿ ತೊಂದರೆ ಇರೋ ಗುಂಪಿಗೇ ಬಿದ್ರು. ಕುಕ್ಕರಹಳ್ಳಿ ಕೆರೆ ಸುತ್ತ ಬೆಳಿಗ್ಗೆ ವಾಕ್ ಮಾಡೋ ನಮ್ ಗುಂಪಲ್ಲಿ ಆ ವಯಸ್ಸಿನ ಹೆಂಗಸರು ಹತ್ತು ಜನ ಇದೀವಿ. ಶುಗರ್ ಎಷ್ಟು, ಮಂಡಿ ಯಾವ ಕಡೆದು, ಕ್ರಿಯೇಟಿನಿನ್ ಎಷ್ಟು, ಎಲ್ಲ ಒಬ್ರದು ಒಬ್ರಿಗೆ ಬಾಯಿಪಾಠ. ಇದೊಂದು ಮಾತ್ರ ಇಲ್ಲ. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶಕ್ಕೇ ಫಸ್ಟ್ ಬಂದ ಊರು ನಮ್ದು, ಕಕ್ಕಸು ಅನ್ನೋ ಪದ ಮಾತ್ರ ಬಾಯಲ್ಲಿ ಬರಲ್ಲ.

ಸಲಹೆ ಮಾತ್ರ ಎಲ್ರೂ ಕೊಡ್ತಾರೆ, ಮುದ್ದೆ ತಿನ್ನಿ ಸರಿಹೋಗುತ್ತೆ ಅಂತ. ನಿಜ, 100 ಗ್ರಾಂ ರಾಗಿಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಲಿ 3 ಗ್ರಾಂ ಕೂಡ ಇಲ್ಲ. ಗಟ್ಟಿಯಾಗಿ ಆಡಿನ ಹಿಕ್ಕೆ ಥರ ಹೋಗೋರಿಗೆ ಒಳ್ಳೇದೇ. ಆದ್ರೆ ಚಿಕ್ಕವ್ವ ಹುಟ್ಟಿದಾಗಿಂದ ಮುದ್ದೆ ಉಣ್ತಿರೋಳು ಕಣ್ರೀ, ನಾರು ಕಮ್ಮಿ ಆಗಿ ಆಗಿದ್ದಲ್ಲ ಇದು. ನಂಗಂತೂ ಒಂದೇ ಸಲ ನಾರು ಜಾಸ್ತಿ ಮಾಡಿದ್ರೆ ಗ್ಯಾಸ್ ತುಂಬ್ಕೊಂಡು ಹೊಟ್ಟೆ ತಮಟೆ ಆಗುತ್ತೆ. ಇನ್ನು ದಿನಾ ಬೆಳಿಗ್ಗೆ ಆಗ್ಲೇಬೇಕು ಅನ್ನೋ ಹಟ ಬೇರೆ, ಆಗ್ಲಿಲ್ಲ ಅಂದ್ರೆ ಹರಳೆಣ್ಣೆ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೂ ನಾರ್ಮಲ್ಲೇ. ಎಷ್ಟು ಸಲ ಅಂತ ಎಣಿಸೋ ಬದಲು ಇದರ ದೆಸೆಯಿಂದ ಏನೇನು ಬಿಟ್ರಿ ಅಂತ ಕೇಳ್ಬೇಕು, ನಾನು ಬಸ್ ಬಿಟ್ಟೆ, ಅವಳು ಬೀಗರೂಟ ಬಿಟ್ಲು.

ಕೊನೆಗೆ ಮೈಸೂರಲ್ಲಿ ಒಬ್ರು ಲೇಡಿ ಡಾಕ್ಟ್ರ ಹತ್ರ ಕರ್ಕೊಂಡ್ಹೋದೆ. ಅವ್ರು ಮೊದಲು ಕೇಳಿದ್ದು ಹೆರಿಗೆ ಎಷ್ಟು, ಎಲ್ಲಿ ಆಯ್ತು ಅಂತ. ಮೂರೂ ಮನೇಲೇ, ಮೊದಲನೇದು ಎರಡು ದಿನ ಕಷ್ಟ ಕೊಟ್ಟು. ಆವಾಗ ಹಿಂದ್ಗಡೆ ಸ್ನಾಯು ಹರಿದಿದ್ರೆ ಮೂವತ್ತು ನಲವತ್ತು ವರ್ಷ ಆದ್ಮೇಲೆ ಸಡಿಲ ಆಗಿ ತೋರಿಸ್ಕೊಳ್ಳುತ್ತಂತೆ. ಆಮೇಲೆ ಮಾತ್ರೆ ಡಬ್ಬಿ ತೆಗೆಸಿದ್ರು. ಶುಗರ್‌ಗೆ ಮೆಟ್‌ಫಾರ್ಮಿನ್. ಅದು ಕೆಲವರಿಗೆ ಬೇದಿ ಮಾಡುತ್ತೆ, ಯಾವಾಗ ಶುರು ಮಾಡಿದ್ರಿ ಅಂದ್ರು. ಲೆಕ್ಕ ಹಾಕಿದ್ರೆ ಅವಳು ಮದುವೆಗಳಿಗೆ ಬರೋದು ಬಿಟ್ಟ ಕಾಲ. ನಂಗೆ ಅಲ್ಲೇ ಅಳು ಬಂತು. ಐದಾರು ವರ್ಷ ನಾವೆಲ್ಲ ಜಂಬ ಜಂಬ ಅಂತಿದ್ವಲ್ಲ. (ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ ಮತ್ತೆ, ಡಾಕ್ಟ್ರಿಗೆ ಹೇಳಿ. ರಕ್ತ ಹೋಗ್ತಿದ್ರೆ, ಸುಮ್ಸುಮ್ನೆ ತೂಕ ಇಳೀತಿದ್ರೆ, ಐವತ್ತು ದಾಟಿದ್ಮೇಲೆ ಅಭ್ಯಾಸ ಹಠಾತ್ತಾಗಿ ಬದಲಾದ್ರೆ ಪೈಲ್ಸ್ ಅಂತ ಕೂರ್ಬೇಡಿ, ಮೊದಲು ತೋರಿಸಿ.)

ಅದೇ ಶುಗರ್ ಮಾತ್ರೆಲೇ, ಔಷಧಿ ಹೊಟ್ಟೇಲಿ ನಿಧಾನವಾಗಿ ಬಿಡುಗಡೆ ಆಗೋ ಥರದ್ದು ಕೊಟ್ರು, ಇಸಬ್‌ಗೋಲ್ ಕೊಟ್ರು. ಇಸಬ್‌ಗೋಲ್ ಮಲಬದ್ಧತೆಗೆ ಮಾತ್ರ ಅಂತ ನಾನೂ ಅನ್ಕೊಂಡಿದ್ದೆ, ಅದು ನೀರು ಹೀರ್ಕೊಂಡು ತೆಳ್ಳಗಿರೋದನ್ನ ಗಟ್ಟಿನೂ ಮಾಡುತ್ತೆ. ಜೊತೆಗೆ ಗ್ಯಾಸ್ ತಡಿಯೋ ಥರ ಹಿಂದ್ಗಡೆ ಬಿಗಿ ಹಿಡಿದು ಬಿಡೋ ವ್ಯಾಯಾಮ, ದಿನಾ. ಕೂತ್ಕೊಂಡು ಸೊಪ್ಪು ಬಿಡಿಸ್ತಾ ಮಾಡ್ತಾಳಂತೆ, ಯಾರಿಗೂ ಗೊತ್ತಾಗಲ್ಲ. ಪೂರ್ತಿ ವಾಸಿ ಆಗಿದೆ ಅಂತ ಹೇಳಲ್ಲ, ವೈರ್ ಬ್ಯಾಗು ಈಗ್ಲೂ ಜೊತೆಗಿರುತ್ತೆ.

ಮುಂದಿನ ಭಾನುವಾರ ಪಾಂಡವಪುರದಲ್ಲಿ ಬೀಗರೂಟ. ನೆನ್ನೆ ಫೋನ್ ಮಾಡಿ, "ಛತ್ರದಲ್ಲಿ ಕಕ್ಕಸು ಎಲ್ಲದೆ ಕೇಳಿ ಹೇಳು ಮಗ, ಬತ್ತೀನಿ" ಅಂದ್ಲು. ಛತ್ರದೋರಿಗೆ ಫೋನ್ ಮಾಡ್ದೆ. ಆ ಯಪ್ಪ ಮೊದಲು ನಕ್ಬಿಟ್ಟ, ನಾನು ಸುಮ್ನಿದ್ದೆ. ಆಮೇಲೆ ಹೇಳ್ದ, ಎರಡಿವೆ ಮೇಡಂ, ಊಟದ ಹಾಲ್ ಪಕ್ಕದ್ದು ಇಂಡಿಯನ್ನು, ಮಹಡಿ ಮೇಲೆ ಕಮೋಡು, ಕೆಳಗಿಂದಕ್ಕೆ ಚಿಲಕ ಕಿತ್ತೋಗಿದೆ, ಭಾನುವಾರದೊಳಗೆ ಹಾಕಿಸ್ತೀನಿ ಅಂತ.